ಬಿದಿರು ಹೂಬಿಟ್ಟ ವರ್ಷ

ಮಾರ್ಚ್ 14, ಶುಕ್ರವಾರ. ಸಿದ್ದಾಪುರ.

ಒಂದು ಬ್ರಾಕೆಟ್ ಇನ್ನೂ ಖಾಲಿ ಇದೆ. ಹೆಜ್ಜೇನು ವರ್ಷವರ್ಷವೂ ಅದೇ ಮರಕ್ಕೆ ಮರಳುತ್ತದೆ ಎಂದು ಪ್ರಬಂಧದಲ್ಲಿ ಬರೆದಿದ್ದೇನೆ. "ಯಾರು ಹೇಳಿದ್ದು, ಯಾವ ಇಸವಿ? ಬ್ರಾಕೆಟ್‌ನಲ್ಲಿ ಹಾಕು, ಇಲ್ಲಾಂದ್ರೆ ಆ ಸಾಲೇ ತೆಗಿ. ನಾಳೆ ಕೊನೇ ದಿನ" ಎಂದರು ನನ್ನ ಗೈಡ್ ಯಮುನಾ ಮೇಡಂ.

ಹೇಳಿದ್ದು ಕಾಫಿ ಎಸ್ಟೇಟಿನ ಕೂಲಿ ಲೈನಿನ ಕೆಂಚಕ್ಕ. ದುಡಿಯುವವರ ಅರಿವಿಗೂ ಹೆಸರಿರಬೇಕು ಎಂದು ಉರಿಯುತ್ತಲೇ ಸಂಜೆ ಅವಳ ಹತ್ತಿರ ಹೋದೆ.

"ನಿನ್ನ ಹೆಸರು ಹಾಕ್ತೀನಿ ಅಕ್ಕ."

ಅವಳು ನಕ್ಕಳು. "ನಂದ್ಯಾಕವ್ವ? ನಾನು ಜೇನು ಕಿತ್ತೋಳಾ? ಜೇನು ಕೀಳ್ತಿದ್ದ ನಮ್ಮ ಮಾವ, ಚಿಕ್ಕ ಅಂತ, ಅವ್ನು ಹೇಳಿದ್ದು, ಬಿದಿರು ಹೂಬಿಟ್ಟ ವರ್ಷ. ಅವತ್ತೇ ಹೇಳಿದ್ನಲ್ಲ, ನೀ ಬರ್ಕೊಳ್ಲಿಲ್ವಾ?"

ನೋಟ್‌ಬುಕ್ ತೆರೆದು ನೋಡಿದೆ. ಮಾತು ಇದೆ, ಚಿಕ್ಕನ ಹೆಸರಿಲ್ಲ. ಅದನ್ನು ಬಿಟ್ಟವಳು ನಾನೇ. ದುಡಿಯುವವರ ಪರವೆಂದು ನಾನು ಓದಿ ಬೆಳೆದ ಹೋರಾಟದ ಕರಪತ್ರಗಳಲ್ಲೂ ಇಂಥ ಒಂದು ಹೆಸರಿಲ್ಲ.

ಈಗ ರಾತ್ರಿ, ನನ್ನ ಕೋಣೆಯ ಕಿಟಕಿಯಲ್ಲಿ ಕಾಫಿ ಹೂವಿನ ಘಮ. ಬ್ರಾಕೆಟ್ ಈಗ ಬೊಗಸೆಯ ಹಾಗೆ ಕಾಣುತ್ತಿದೆ. ಅದರೊಳಗೆ ಮೆಲ್ಲಗೆ ಬರೆದೆ: (ಚಿಕ್ಕ, ಬಿದಿರು ಹೂಬಿಟ್ಟ ವರ್ಷ, ಕೇಳಿ ಹೇಳಿದವರು ಕೆಂಚಕ್ಕ). ಮೇಡಂ ಇಸವಿ ಕೇಳುತ್ತಾರೆ. ಕೇಳಲಿ, ಸಾಲು ತೆಗೆಯುವುದಿಲ್ಲ. ಚಿಕ್ಕನಿಗೆ ಇದನ್ನು ಯಾರು ಹೇಳಿದರೋ, ಆ ಮರದ ಕೆಳಗೆ ಅವನು ಯಾರ ಪಕ್ಕ ನಿಂತು ಮೇಲೆ ನೋಡುತ್ತಿದ್ದನೋ, ಅವರಿಗೂ ಯಾರೋ ಹೇಳಿರಬೇಕು.