ಕಣ್ಣುಹೆಣಿಗೆಯ ಚಾವಟಿ

ಅಂಗಡಿಯ ಹಿಂದಿನ ಕೋಣೆ,
ಗುರುವಾರ, ಬೆಳಿಗ್ಗೆ

ಪ್ರೀತಿಯ ಮಗನಿಗೆ,

ಹೇಗಿದ್ದೀಯ? ಕುದುರೆ ಒದ್ದ ಮೊಣಕಾಲು ಈಗ ಮಡಚಲು ಬರುತ್ತಿದೆಯೇ? ಲಾಯದಿಂದ ಬೆವರಿಕೊಂಡು ಬಂದವನು ಹಾಗೇ ಫ್ಯಾನಿನ ಕೆಳಗೆ ಮಲಗಬೇಡ ಎಂದು ಎಷ್ಟು ಹೇಳಿದರೂ ನೀನು ಕೇಳುವವನಲ್ಲ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನ ಬೆರಳ ಗೆಣ್ಣುಗಳು ಬೆಳಗಿನ ಹೊತ್ತು ಬಿಗಿಯುತ್ತವೆ, ಬಿಸಿನೀರಿನಲ್ಲಿ ಅದ್ದಿಕೊಂಡು ಕೂತರೆ ಸಡಿಲವಾಗುತ್ತವೆ. ಇದನ್ನೆಲ್ಲ ಕೇಳದೆ, ಹೇಳದೆ ಕಾಗದ ಶುರುಮಾಡುವುದು ನನಗೆ ಬರುವುದಿಲ್ಲ. ಅದಕ್ಕೇ ಬರೆದೆ. ಪ್ರೀತಿಯ ಎನ್ನುವುದನ್ನೂ ಹಾಗೇ ಬರೆದುಬಿಟ್ಟೆ, ಈಗ ಹೊಡೆದುಹಾಕಲು ಹೋದರೆ ಕಾಗದ ಕೊಳಕಾಗುತ್ತದೆ.

ಸೊಸೆ ಒಂದು ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಾಗ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೇ? "ರಜೆ ಸಿಕ್ತು ಅತ್ತೆ, ನಿಮ್ಮನ್ನೆಲ್ಲ ನೋಡ್ಬೇಕು ಅನ್ನಿಸ್ತು" ಎಂದಳು. ಅತ್ತೆಯನ್ನು ನೋಡಲು ಆಸೆಪಟ್ಟು ಬರುವ ಸೊಸೆ ಯಾರಿಗೆ ಸಿಗುತ್ತಾಳೆ ಎಂದು ಪಕ್ಕದ ಅಂಗಡಿಯ ಚಪ್ಪಲಿ ಹೊಲಿಯುವವರ ಹೆಂಡತಿಯ ಹತ್ತಿರ ಜಂಬ ಕೊಚ್ಚಿಕೊಂಡೆ. ಅಷ್ಟು ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿನ ಅಂಗಿ ತೊಟ್ಟಿದ್ದಳು. ಹೊಸ ಫ್ಯಾಷನ್ನು ಇರಬೇಕು ಎಂದುಕೊಂಡೆ. ಅಂಗಡಿ ಗುಡಿಸಿದಳು, ನನ್ನ ಜೊತೆ ಅಡುಗೆ ಮಾಡಿದಳು, ನಕ್ಕಳು ಕೂಡ. ನಿಮ್ಮಪ್ಪ ಕೊಕ್ಕೆಗೆ ತೊಗಲಿನ ಎಳೆಗಳನ್ನು ಸಿಕ್ಕಿಸಿ ಚಾವಟಿ ಹೆಣೆಯಲು ಕೂತರೆ ಮಾತ್ರ ಒಳಗೆ ಎದ್ದು ಹೋಗುತ್ತಿದ್ದಳು. ತೊಗಲಿನ ವಾಸನೆ ಆಗುವುದಿಲ್ಲವೇನೋ ಎಂದು ಕಿಟಕಿ ತೆಗೆದಿಟ್ಟೆ.

ನಿನಗೆ ಲಾಯದ ಕೆಲಸ ಸಿಕ್ಕಿದಾಗ ನಿಮ್ಮಪ್ಪ ಮಾಡಿಕೊಟ್ಟ ಚಾವಟಿಯ ಒಂದೊಂದು ಎಳೆಯೂ ನನಗೆ ನೆನಪಿದೆ. ಒಂದು ಕಲೆಯೂ ಇಲ್ಲದ ತೊಗಲು ಬೇಕು ಎಂದು ತೊಗಲು ಮಾರುವ ಮಂಡಿಯಲ್ಲಿ ಇಡೀ ರಾಶಿಯನ್ನೇ ಮಗುಚಿ ಹಾಕಿಸಿ ಬೈಸಿಕೊಂಡು ಬಂದರು. ಕಿತ್ತಳೆ ಸಿಪ್ಪೆ ಬಿಡಿಸಿದ ಹಾಗೆ ಸುತ್ತುಸುತ್ತಾಗಿ ಕೊಯ್ದು, ಎಳೆದು ಹಿಗ್ಗಿಸಿ, ಅಂಚು ಹೆರೆದರು. ಕೊಬ್ಬೂ ಸಾಬೂನೂ ಕಲಸಿ ಎಳೆಗಳಿಗೆ ಸವರಿದವಳು ನಾನು. ಹೆಣೆದಾದ ಮೇಲೆ ಎರಡು ಹಲಗೆಗಳ ನಡುವೆ ಇಟ್ಟು ಉರುಳಿಸಿ ನುಣುಪು ಮಾಡಿದವಳೂ ನಾನೇ. ಹಿಡಿಯನ್ನು ಮಾತ್ರ ನನಗೂ ಮುಟ್ಟಗೊಡಲಿಲ್ಲ. ಕಪ್ಪು ಎಳೆ, ಜೇನುಬಣ್ಣದ ಎಳೆ ಸೇರಿಸಿ, ಸಾಲಾಗಿ ಪುಟ್ಟ ಪುಟ್ಟ ಕಣ್ಣು ಮೂಡುವ ಹಾಗೆ ಹೆಣೆದರು. ಪ್ರತಿ ಕಣ್ಣಿನ ನಡುವೆ ಒಂದು ಎಳೆ ಉಬ್ಬಿ ನಿಲ್ಲುತ್ತದೆ. ಬೇರೆಯವರು ಅದನ್ನು ತಟ್ಟಿ ಚಪ್ಪಟೆ ಮಾಡುತ್ತಾರೆ, ನಿಮ್ಮಪ್ಪ ಹಿಡಿತ ಜಾರಬಾರದೆಂದು ಹಾಗೇ ಬಿಡುತ್ತಾರೆ. ನಿನ್ನ ಕೈಗೆ ಕೊಡುವಾಗ, "ಗಾಳಿಯಲ್ಲಿ ಸದ್ದು ಮಾಡಿದ್ರೆ ಸಾಕು ಕಣೋ, ಕುದುರೆ ಮಾತು ಕೇಳುತ್ತೆ. ಮೈಗೆ ತಾಗಿಸ್ಬೇಡ" ಎಂದರು. ನೀನು "ಗೊತ್ತಪ್ಪಾ" ಎಂದೆ.

ಹೋದ ಶನಿವಾರ ಅವಳು ತೊಗಲು ನೆನೆಹಾಕುವ ತೊಟ್ಟಿಗೆ ನೀರು ಸುರಿಯುತ್ತಿದ್ದಳು. ಅಂಗಿ ಒದ್ದೆಯಾಗಬಾರದೆಂದು, ಮೈಮರೆತು, ತೋಳು ಮೇಲಕ್ಕೆ ಸರಿಸಿಕೊಂಡಿದ್ದಳು. ನಿಮ್ಮಪ್ಪ ಹೆಣೆಯುವುದನ್ನು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡು ಎದ್ದುಬಂದರು. "ಕೈ ತೋರ್ಸಮ್ಮ" ಎಂದರು. ರಿಪೇರಿಗೆ ಬಂದ ಚಾವಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ ನೋಡಿದರು. "ಬಿದ್ದುಬಿಟ್ಟೆ ಮಾವ, ಅಷ್ಟೇ" ಎಂದಳು. "ಬಿದ್ರೆ ಈ ಥರ ಗುರುತು ಬೀಳಲ್ಲಮ್ಮ. ಇದು ನನ್ನ ಹೆಣಿಗೆ" ಎಂದರು. ನಾನೂ ಹೋಗಿ ನೋಡಿದೆ. ಸಾಲಾಗಿ ಕಣ್ಣುಗಳು, ಒಂದೊಂದರ ನಡುವೆಯೂ ಉಬ್ಬೆಳೆ ಕಚ್ಚಿದ ಚುಕ್ಕೆ. ಅವಳ ಚರ್ಮದ ಮೇಲೆ ಅಷ್ಟು ಅಚ್ಚುಕಟ್ಟಾಗಿ ಮೂಡಿತ್ತು.

ಅವಳನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಬೆನ್ನು ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಿನಗೆ ಗೊತ್ತಿರುವುದೇ. ಇಲ್ಲಿಗೆ ಯಾಕೆ ಬಂದೆ ತಾಯಿ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನೆಂದಳು ಗೊತ್ತೇ? "ನನಗೆ ಹೋಗೋಕೆ ಬೇರೆ ಮನೆ ಇಲ್ಲ ಅತ್ತೆ. ನೀವೂ ವಾಪಸ್ ಕಳಿಸ್ತೀರಿ ಅಂತ ಅಂದ್ಕೊಂಡೇ ಬಂದೆ. ಕಳಿಸೋವರೆಗೆ ನಾಲ್ಕು ದಿನ ಮೈಗೆ ಬಿಡುವು ಸಿಗುತ್ತಲ್ಲ ಅಂತ." ಮಗನೇ, ನಿನ್ನನ್ನು ಹೆತ್ತಾಗ ಪಟ್ಟ ನೋವು ನನಗೆ ಮರೆತುಹೋಗಿದೆ. ಈ ಮಾತು ಮರೆಯುವುದಿಲ್ಲ.

ಸೋಮವಾರ ನಿನ್ನ ಕಾಗದ ಬಂತು. ಅವಳು ಮುನಿಸಿಕೊಂಡು ಬಂದಿದ್ದಾಳೆ, ಬುದ್ಧಿ ಹೇಳಿ ಕಳಿಸಿ, ಒಂದು ಸಲ ಕೈತಪ್ಪಿತು ಅಷ್ಟೇ ಎಂದು ಬರೆದಿದ್ದೀಯ. ಒಂದು ಸಲ ಕೈ ತಪ್ಪಿದರೆ ಗಾಯಗಳೆಲ್ಲ ಒಂದೇ ಬಣ್ಣದಲ್ಲಿರಬೇಕಿತ್ತು. ಅವಳ ಬೆನ್ನಿನ ಮೇಲೆ ಹಳದಿ ಇದೆ, ಹಸಿರು ಇದೆ, ಇನ್ನೂ ನೀಲಿಯಾಗಿರುವುದೂ ಇದೆ. ಬುದ್ಧಿ ಹೇಳು ಎನ್ನುತ್ತೀಯಲ್ಲ, ಯಾರಿಗೆ ಹೇಳಲಿ? ಅವಳಿಗೆ ಹೇಳಲು ನನ್ನ ಬಳಿ ಏನೂ ಉಳಿದಿಲ್ಲ. ನಿನಗೆ ಹೇಳಬೇಕಾದ್ದನ್ನೆಲ್ಲ ನೀನು ನನ್ನ ಮಡಿಲಲ್ಲಿದ್ದಾಗಲೇ ಹೇಳಿದ್ದೆ ಎಂದುಕೊಂಡಿದ್ದೆ.

ನಿಮ್ಮಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸರ್ಕಸ್ಸಿನವರು ಮಾಡಿಕೊಡಲು ಹೇಳಿದ್ದ ಚಾವಟಿಗೆ ಕಣ್ಣುಹೆಣಿಗೆಯ ಹಿಡಿ ಬೇಕಿತ್ತು. ಮೂರ್ನಾಲ್ಕು ಸಲ ಹೆಣೆದು ಬಿಚ್ಚಿದರು. ಕೊನೆಗೆ ಸಾದಾ ಚೌಕಳಿ ಹೆಣೆದು ಮುಂದಿಟ್ಟರು. "ನಾವು ಕೇಳಿದ್ದು ಇದಲ್ಲ, ವಯಸ್ಸಾಯ್ತು ನಿಮಗೆ" ಎಂದು ಅವರು ಬೈದರು. ಹೌದು, ವಯಸ್ಸಾಯಿತು ಎಂದು ಇವರು ಒಪ್ಪಿಕೊಂಡರು. ಅವರು ಹೋದ ಮೇಲೆ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದರು: "ಹಿಡಿಯಿಂದ ಹೊಡ್ದಿದ್ದಾನಲ್ಲೇ. ತಿರುಗಿಸಿ ಹಿಡ್ಕೊಂಡು ಹೊಡೀಬೇಕಾದ್ರೆ ಯೋಚನೆ ಮಾಡೋಕೆ ಟೈಮ್ ಇತ್ತಲ್ವಾ ಅವನಿಗೆ?" ನಿನ್ನ ಪರವಾಗಿ ಹೇಳಲು ಏನಾದರೂ ಸಿಗುತ್ತದೇನೋ ಎಂದು ಆಗಲೂ ಹುಡುಕಿದೆ. ತಾಯಿಯಲ್ಲವೇ. ಸಿಗಲಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಮೊಣಕಾಲಿಗೆ ಎಣ್ಣೆ ಹಚ್ಚು. ಪ್ರತಿ ಸಲ ಇಲ್ಲಿ ನಿನಗೆ ಒಳ್ಳೆಯದಾಗಲಿ ಎಂದು ಬರೆಯುತ್ತಿದ್ದೆ. ಈ ಸಲ ನಿನಗೆ ಒಳ್ಳೆಯ ಬುದ್ಧಿ ಬರಲಿ ಎಂದಷ್ಟೇ ಬರೆಯುತ್ತೇನೆ, ಅದೂ ನಿನ್ನ ಕುದುರೆಗಳ ಮೇಲಿನ ಕರುಣೆಯಿಂದ.

ಇಂತಿ,
ನಿನ್ನ ಅಮ್ಮ

ಮತ್ತೆ: ಅವಸರದಲ್ಲಿ ಬರೆಯುತ್ತಿದ್ದೇನೆ, ಆಟೋ ಬಾಗಿಲಲ್ಲಿ ನಿಂತಿದೆ. ಅವಳನ್ನು ಕಳಿಸುವುದಿಲ್ಲ, ನೀನು ಕರೆಯಲೂ ಬರಬೇಡ. ಆಸ್ಪತ್ರೆಯಲ್ಲಿ ನಿನ್ನೆಯೇ ತೋರಿಸಿದ್ದೇವೆ. ಈಗ ಪೊಲೀಸ್ ಸ್ಟೇಷನ್ನಿಗೆ ಹೊರಟಿದ್ದೇವೆ, ಅವಳು ದೂರು ಕೊಡುತ್ತಾಳೆ. ನಿಮ್ಮಪ್ಪ ಶರ್ಟು ಬದಲಿಸಿಕೊಂಡು ಆಗಲೇ ಆಟೋದಲ್ಲಿ ಹೋಗಿ ಕೂತಿದ್ದಾರೆ. ಸಾಕ್ಷಿ ಹೇಳುವವರನ್ನು ಮೊದಲು ಹೆಸರು, ಆಮೇಲೆ ಸಂಬಂಧ ಏನು ಎಂದು ಕೇಳುತ್ತಾರಂತೆ. ಹೊಡೆದವನ ತಾಯಿ ಎಂದು ಹೇಳುತ್ತೇನೆ.