ಕಿತ್ತ ಡೇಲಿಲಿ, ಕಿತ್ತ ಟೈಲ್ಸು

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

(ಪ್ರೀತಿಯ ಎಂದು ಕೈ ತಾನಾಗಿ ಬರೆಯಿತು. ಸದ್ಯಕ್ಕೆ ಅಷ್ಟೇನೂ ಇಲ್ಲ.)

ಹೇಗಿದ್ದೀಯ? ಹೊಲಿಗೆ ಮಿಷನ್ ಮುಂದೆ ಕೂತು ಕೂತು ಹಿಡಿದುಕೊಂಡಿದ್ದ ಸೊಂಟ ನಿನ್ನ ಅಕ್ಕನ ಮನೆಯಲ್ಲಾದರೂ ಸಡಿಲವಾಯಿತೇ? ಅವಳನ್ನೂ ಮಕ್ಕಳನ್ನೂ ಕೇಳಿದೆನೆಂದು ಹೇಳು. ನನ್ನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಈಗ ಮೂಲೆಯ ಜೇಡರ ಬಲೆಯೂ ಕಾಣುತ್ತದೆ, ನನ್ನ ಮಗನ ದಡ್ಡತನವೂ ಕಾಣುತ್ತದೆ. ಫೋನ್ ಎತ್ತದವಳಿಗೆ ಕಾಗದವೇ ಗತಿ ಎಂದು ಬರೆಯುತ್ತಿದ್ದೇನೆ.

ನನ್ನ ಸಿಟ್ಟು ಅವನ ಮೇಲೆ ಅರ್ಧ, ನಿನ್ನ ಮೇಲೆ ಅರ್ಧ. ಮೊದಲು ಅವನದು. ಟೈಲ್ಸ್ ಹಾಕುವ ಕೆಲಸದವನಲ್ಲವೇ, ನೆಲ ಮಟ್ಟವಾಗಿಲ್ಲದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಅವತ್ತು ನಾನು ನನ್ನ ತಂಗಿಯ ಜೊತೆ ಕಣ್ಣಿನ ಆಸ್ಪತ್ರೆಯಲ್ಲಿ, ನೀನು ಹೊಲಿಗೆ ಅಂಗಡಿಯಲ್ಲಿ. ಯಾರದೋ ಮನೆಯಲ್ಲಿ ಉಳಿದ ಟೈಲ್ಸ್ ತಂದು, ಮನೆ ಮುಂದಿನ ನಿನ್ನ ಡೇಲಿಲಿ ಹೂಗಿಡಗಳ ಪಾತಿಯನ್ನು ಬುಡಸಮೇತ ಅಗೆದು, ನೀರಿನ ಟ್ಯಾಂಕಿನ ಹಿಂದೆ ರಾಶಿ ಹಾಕಿ, ಆ ಜಾಗದಲ್ಲಿ ಟೈಲ್ಸ್ ಕೂರಿಸಿಬಿಟ್ಟ. ಕೇಳಿದರೆ, "ಅವಳ ಸ್ಕೂಟರ್ ಚಕ್ರ ಕೆಸರಲ್ಲಿ ಹೂತ್ಕೊಳ್ತಿತ್ತಲ್ಲಮ್ಮ, ಖುಷಿ ಆಗ್ತಾಳೆ ಅಂದ್ಕೊಂಡೆ. ಬರೀ ಹುಲ್ಲಿನ ಥರ ಇತ್ತು" ಎನ್ನುತ್ತಾನೆ! ನೀನು ಕೆಂಪು ಹೂವಿನ ಪರಾಗವನ್ನು ಹಳದಿ ಹೂವಿಗೆ ಸವರಿ, ಕಾಯಿ ಕಟ್ಟಿಸಿ, ಬೀಜ ಬಿತ್ತಿ, ಆ ಒಂದು ಸಸಿಯ ಬುಡಕ್ಕೆ ನೀಲಿ ಉಲ್ಲನ್ ದಾರ ಕಟ್ಟಿ ಮೂರು ವರ್ಷ ಕಾದದ್ದು ಅವನ ಕಣ್ಣೆದುರೇ ಅಲ್ಲವೇ? "ಇದು ಏನು ಬಣ್ಣ ಬಿಡುತ್ತೋ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ ಅತ್ತೆ" ಎನ್ನುವಾಗ ನಿನ್ನ ಮುಖ ಎಷ್ಟು ಅರಳುತ್ತಿತ್ತು. ಅದಕ್ಕೆ ಮೊದಲ ಹೂದಂಟು ಬಂದ ವಾರವೇ ಈ ಮಹಾರಾಯ ಗುದ್ದಲಿ ಹಿಡಿದ.

ಇನ್ನು ನಿನ್ನದು. ನೀನು ಕೂಗಾಡಿದ್ದರೆ, ಅವನ ಕೊರಳಪಟ್ಟಿ ಹಿಡಿದಿದ್ದರೆ, ನಾನು ನಿನ್ನ ಕಡೆಯೇ ನಿಲ್ಲುತ್ತಿದ್ದೆ. ನೀನು ತುಟಿಪಿಟಕ್ಕೆನ್ನದೆ ಬ್ಯಾಗ್ ತುಂಬಿಕೊಂಡು ಹೊರಟುಬಿಟ್ಟೆ. ನಾನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದರೆ ನೀನಿಲ್ಲ. ಹೂವಿನ ಗಿಡ ಕಿತ್ತವನು ಅವನು, ನನ್ನನ್ನು ಯಾಕಮ್ಮ ಬಿಟ್ಟುಹೋದೆ? ಇದಕ್ಕೇ ನನ್ನ ಹೊಟ್ಟೆ ಇನ್ನೂ ಉರಿಯುತ್ತಿದೆ.

ಮರುದಿನವೇ ಅವನ ಕೈಯಿಂದಲೇ ಟೈಲ್ಸ್ ಕೀಳಿಸಿದೆ. "ಒಡೆದು ಹೋಗ್ತವಮ್ಮ" ಎಂದ. "ಒಡೀಲಿ" ಎಂದೆ. ಕುರ್ಚಿ ಹಾಕಿಕೊಂಡು ಕೂತು, ಒಂದೇ ಕಣ್ಣಲ್ಲಿ ನೋಡುತ್ತಾ ಎಲ್ಲವನ್ನೂ ವಾಪಸ್ ನೆಡಿಸಿದೆ. ಗಟ್ಟಿ ಜೀವ, ಬೇರು ಒಣಗಿರಲಿಲ್ಲ. ದಾರ ಕಟ್ಟಿದ್ದು ರಾಶಿಯ ತಳದಲ್ಲಿ ಸಿಕ್ಕಿತು. ದಂಟು ಬಾಗಿತ್ತು, ಮುರಿದಿರಲಿಲ್ಲ. ಅವತ್ತಿನಿಂದ ನಿನ್ನ ಗಂಡನಿಗೆ ಬೀಳುತ್ತಿರುವ ಬೈಗುಳ ಕೇಳಲು ಪಕ್ಕದ ಮನೆಯಾಕೆ ರೇಡಿಯೋ ಹಾಕುವುದನ್ನೇ ಬಿಟ್ಟಿದ್ದಾಳೆ.

ನಿನ್ನ ಅಕ್ಕನಿಗೆ, ಮಕ್ಕಳಿಗೆ ಆಶೀರ್ವಾದ. ನಿನಗೂ ಇದೆ, ಬಂದು ತೆಗೆದುಕೋ.

ಇತಿ,
ಸಿಟ್ಟು ಇಳಿಯದ ನಿನ್ನ ಅತ್ತೆ

ಮರೆತಿದ್ದೆ: ನಿನ್ನ ಸಸಿ ಇವತ್ತು ಬೆಳಿಗ್ಗೆ ಹೂ ಬಿಟ್ಟಿದೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ "ಅಯ್ಯೋ, ಏನ್ ಬಣ್ಣ ರೀ ಇದು!" ಎಂದು ಶುರುಮಾಡಿದಳು, ಅಲ್ಲಿಗೇ ಬಾಯಿ ಮುಚ್ಚಿಸಿದೆ. ನಾನು ನೋಡಿಲ್ಲ. ಮುಂದಿನ ಕಿಟಕಿಗೆ ಪರದೆ ಎಳೆದು ಕೂತಿದ್ದೇನೆ. ನಿನ್ನ ಗಂಡನನ್ನೂ ನೋಡಲು ಬಿಟ್ಟಿಲ್ಲ, ಹಿಂಬಾಗಿಲಿನಿಂದ ಓಡಾಡುತ್ತಾನೆ. ಡೇಲಿಲಿ ಹೂವಿಗೆ ಒಂದೇ ದಿನದ ಆಯಸ್ಸು, ಇವತ್ತಿನದು ರಾತ್ರಿಯೊಳಗೆ ಬಾಡಿಹೋಗುತ್ತದೆ. ನಿನ್ನೆ ನೋಡಿದಾಗ ಅದರ ಜೊತೆಗೆ ಇನ್ನು ಮೂರೇ ಮೊಗ್ಗು ಇದ್ದವು. ಅದಕ್ಕೇ ಈ ಕಾಗದವನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಮೊದಲು ನೋಡಬೇಕಾದವಳು ನೀನು. ನಾಳೆ ಬೆಳಗಿನ ಬಸ್ಸಿಗೆ ಬಾ, ಪರದೆ ನೀನೇ ತೆಗಿ.