ನಾನು ಓದದ ಠರಾವು

14 ನವೆಂಬರ್ 2019

ಬೆಳಿಗ್ಗೆ ನೀರಿನ ಟ್ಯಾಂಕ್ ಹತ್ತಿರ ಮತ್ತೆ ಜಗಳ. ಬಿಡಿಸಿ ಗ್ರಾಮಸಭೆಗೆ ಓಡಿದೆ. ಮಕ್ತಲ್‌ನಿಂದ ಬಸ್ಸಿಗೆ ಬರುವ ನಮ್ಮ ಪಂಚಾಯ್ತಿ ಸೆಕ್ರೆಟರಿ ಸ್ರವಂತಿ ಠರಾವಿನ ಪುಸ್ತಕ ಮುಂದಿಟ್ಟಳು. ತೆಲುಗು, ಅದೂ ಕೈಬರಹ. ರಾಯಚೂರಿನಲ್ಲಿ ಕನ್ನಡ ಮೀಡಿಯಂ ಓದಿ ಗಡಿಯಾಚೆ ತೆಲಂಗಾಣದ ಈ ಊರಿಗೆ ಸೊಸೆಯಾಗಿ ಬಂದವಳು ನಾನು. ತೆಲುಗು ಮಾತಾಡುತ್ತೇನೆ; ಓದಬೇಕಾದರೆ ಒಂದೊಂದೇ ಅಕ್ಷರ ಕೂಡಿಸಬೇಕು.

"ನಾನೇ ಓದ್ಲೇನ್ರಿ ಮೇಡಂ?"

"ಬ್ಯಾಡ. ನನಗ ಬರ್ತೈತಿ."

ಡಿಗ್ರಿ ಆದ ಸರ್ಪಂಚ್ ಅಂತ ನನಗೆ ಓಟು ಹಾಕಿದ ಜನ ಎದುರಿಗೇ ಕೂತಿದ್ದರು. ಸಾಲಿನ ಮೇಲೆ ಬೆರಳು ಓಡಿಸಿದೆ. ಪುಟ ತಿರುವಿದೆ. ಪಕ್ಕದ ಮನೆಯ ಭೀಮಮ್ಮ ಕೇಳಿದಳು, "ನಮ್ಮ ಕುರುಬರದೇನರ ಬರ್ದಾರೇನವ್ವ?"

"ಎಲ್ಲಾ ಸರಿ ಐತಿ ಅತ್ತಿ."

ನಾನು ಸಹಿ ಹಾಕಿದೆ, ಅವಳು ಹೆಬ್ಬೆಟ್ಟು ಒತ್ತಿದಳು. ಫೋಟೊ, ಚಹಾ... ಮುಗಿಯಿತು.

3 ಡಿಸೆಂಬರ್

ಹಳ್ಳದ ದಂಡೆಗೆ ಜೆಸಿಬಿ ಬಂತು. ಕುರುಬರು ಸತ್ತವರನ್ನು ಹೂಳುವ ಜಾಗ. ಡಂಪಿಂಗ್ ಯಾರ್ಡ್ ಆಗುತ್ತದಂತೆ — ಊರಿನ ಕಸವೆಲ್ಲ ಅಲ್ಲಿಗೆ. ಭೀಮಮ್ಮ ಗಂಡನ ಸಮಾಧಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಜೆಸಿಬಿ ನಿಂತಿತು.

"ಠರಾವಿನಾಗ ಐತಲ್ರಿ ಮೇಡಂ," ಅಂದಳು ಸ್ರವಂತಿ.

ಪುಸ್ತಕ ತರಿಸಿ, ಬಾಗಿಲು ಹಾಕಿಕೊಂಡು, ಕೂಡಿಸಿ ಕೂಡಿಸಿ ಓದಿದೆ. ಇದೆ. ಸರ್ವೆ ನಂಬರ್ ಸಮೇತ. ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟೇ. ಆವತ್ತು ಇಪ್ಪತ್ತು ನಿಮಿಷ ಸಂಕೋಚ ಬಿಟ್ಟಿದ್ದರೆ...

4 ಡಿಸೆಂಬರ್, ಬೆಳಿಗ್ಗೆ 7

ಭೀಮಮ್ಮ ನಮ್ಮ ಕಟ್ಟೆಯ ಹತ್ತಿರ ನಿಂತು, ನನ್ನ ಕಡೆ ಕೈ ತೋರಿಸಿ, ಓಣಿಗೆಲ್ಲ ಕೇಳುವಂತೆ ಹೇಳಿದಳು: "ನಮ್ಮ ದೇವಿಕಾ ಓದಿದಾಗ ಅದು ಇರ್ಲಿಲ್ಲ. ಆ ಸೆಕ್ರೆಟರಿ ಹುಡುಗಿ ಆಮ್ಯಾಲ ಬರ್ದು ಸೇರಿಸ್ಯಾಳ."

ಬಾಯಿ ತೆರೆಯಬೇಕಿತ್ತು. ಒಳಗೆ ಬಂದು ಪಾತ್ರೆ ತೊಳೆದೆ.

11 ಡಿಸೆಂಬರ್

ಸ್ರವಂತಿ ಠರಾವು ತಿದ್ದಿದ್ದಾಳೆ ಅಂತ ಮೇಲಿನವರಿಗೆ ಕಂಪ್ಲೇಂಟ್ ಹೋಗಿದೆ. ಅವಳದು ಕಾಂಟ್ರಾಕ್ಟ್ ನೌಕರಿ. ಒಂದು ಮಾತಿಗೆ ಹೋಗುತ್ತದೆ. ಆಫೀಸಿನ ಮೆಟ್ಟಿಲ ಹತ್ತಿರ ತಡೆದಳು. "ಓದ್ಲೇನು ಅಂತ ಕೇಳಿದ್ನಲ್ರಿ ಮೇಡಂ. ನೆನಪೈತಲ್ರಿ?" ಫೋನ್ ಬಂದಂತೆ ಮಾಡಿ ನಡೆದೆ. ಥೂ, ನನ್ನ ಜನ್ಮಕ್ಕೆ.

13 ಡಿಸೆಂಬರ್

ಎನ್‌ಕ್ವೈರಿ. ಸಾಹೇಬರು ಪುಸ್ತಕದ ಆ ಸಾಲು ತೋರಿಸಿ ಕೇಳಿದರು, "ಸಹಿ ಮಾಡೋ ಮುಂದ ಇದು ಇತ್ತೇನಮ್ಮ?"

"ಇರ್ಲಿಲ್ರಿ," ಅಂದೆ.

ಸ್ರವಂತಿ ನನ್ನನ್ನೇ ನೋಡಿದಳು. ಆಫೀಸಿನ ಕೀಲಿಕೈ ಮೇಜಿನ ಮೇಲಿಟ್ಟು ಬಸ್ಸಿಗೆ ಹೋದಳು. ಠರಾವು ರದ್ದು.

ಸಂಜೆ ಭೀಮಮ್ಮ ಬಿಸಿ ರೊಟ್ಟಿ ತಂದಳು. "ನೀ ಓದಿದಾಕಿ ಇದ್ದದ್ದಕ್ಕ ನಮ್ಮವರು ಮಣ್ಣಾಗ ಉಳದ್ರು ನೋಡವ್ವ."

ತಟ್ಟೆ ಇನ್ನೂ ಮುಂದೆಯೇ ಇದೆ. ಎದ್ದು ಹೋಗಿ ಅವಳಿಗೆ ಹೇಳಬೇಕು, ಆವತ್ತು ನಾನು —